ಹುಟ್ಟುವ ಮೊದಲೇ ಎತ್ತಿಕೊಂಡ ಮಗು

2019ರ ಅಕ್ಟೋಬರ್ 8, ಮಂಗಳವಾರ, ಬೆಳಿಗ್ಗೆ 9 ಗಂಟೆ 10 ನಿಮಿಷ. ಟ್ಯೂನಿಸ್‌ಗೆ ದಕ್ಷಿಣದ ಮಹ್ದಿಯಾ ಬಂದರಿನ ಕಾಫಿ ಅಂಗಡಿಯಲ್ಲಿ ಗಾಸ್ಪರೆ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿ, ನಾಲ್ಕಾಗಿ ಮಡಿಸಿದ್ದ ಒಂದು ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟ. ಎಂಜಿನ್ ಎಣ್ಣೆಯಲ್ಲಿ ಅದ್ದಿ ಒತ್ತಿದ ಒಂದು ಕೂಸಿನ ಅಂಗಾಲಿನ ಗುರುತು ಅದರ ಮೇಲಿತ್ತು.

"ನನ್ನ ಮಗಳ ಕಾಲು," ಎಂದ. "ಬಲಗಾಲು."

ಹಾಳೆ ಯಾವುದೋ ದೋಣಿಯ ಎಂಜಿನ್ ದಿನಚರಿಯಿಂದ ಹರಿದದ್ದು. ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ದಿನಾಂಕ ಬರೆದಿತ್ತು: 13-2-2013.

ನಾನು ಚೀಲದಿಂದ ಅಳತೆಪಟ್ಟಿ ತೆಗೆದೆ. ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ ಏಳು ಸೆಂಟಿಮೀಟರ್ ಎಂಟು ಮಿಲಿಮೀಟರ್. ಎಣ್ಣೆ ಕಾಗದದಲ್ಲಿ ಹರಡುತ್ತದೆ. ಒಂದು ಮಿಲಿಮೀಟರ್ ಕಳೆದರೂ ಎಳೆಗೂಸಿನ ಕಾಲೇ.

"ಬೇಯಾ ಹುಟ್ಟಿದ್ದು ಯಾವತ್ತು?"

"ಪುರಸಭೆ ಕಾಗದದಲ್ಲಿ ಮಾರ್ಚ್ ಎರಡು ಅಂತಿದೆ."

"ಅಂದ್ರೆ ಹುಟ್ಟೋದಕ್ಕೆ ಹದಿನೇಳು ದಿನ ಮೊದಲೇ ಕಾಲು ಚಾಚಿ ನಿನಗೆ ಗುರುತು ಒತ್ತಿಕೊಟ್ಟಿದೆ ಮಗು. ಭಲೇ ಚುರುಕು."

ಅವನು ನಗಲಿಲ್ಲ. ನಲವತ್ತೊಂದು ವರ್ಷದ ದೋಣಿ ಮೆಕ್ಯಾನಿಕ್. ಸಿಸಿಲಿಯ ಮಜಾರಾ ಊರಿನವನು. ನಮ್ಮ ಭಾಷೆಯನ್ನು ನಮ್ಮ ಮೀನುಗಾರರಿಂದಲೇ ಕಲಿತದ್ದರಿಂದ ಅವನ ಬಾಯಲ್ಲಿ ಬೈಗುಳ ಮಾತ್ರ ತಪ್ಪಿಲ್ಲದೆ ಬರುತ್ತಿತ್ತು.

"ಅಕ್ಕಾ, ನಾನು ಆ ಮಗೂನ ಎತ್ತಿಕೊಂಡಿದ್ದೀನಿ. ಮೂರು ದಿನ. ಕಾಗದ ಏನಾದ್ರೂ ಹೇಳಲಿ."

ಎಂಟು ತಿಂಗಳ ಹಿಂದೆ ದಲಂದಾ ಕಾಯಿಲೆಯಿಂದ ತೀರಿಕೊಂಡಿದ್ದಳು. ಅವಳು ಮದುವೆಯಿಲ್ಲದೆ ಹೆತ್ತ ಬೇಯಾಗೆ ಈಗ ಆರು ವರ್ಷ. ತಂದೆ ನಾನೇ ಎಂದು ಗಾಸ್ಪರೆ ಸಮುದ್ರ ದಾಟಿ ಬಂದಿದ್ದ. ಗುರುವಾರ ನ್ಯಾಯಾಲಯ ತೀರ್ಮಾನಿಸಬೇಕಿತ್ತು. ತಂದೆ ಹೌದಾದರೆ ಮಗುವಿಗೆ ಅವನ ಹೆಸರು, ನಮ್ಮ ಪೌರತ್ವದ ಜೊತೆಗೆ ಅವನ ದೇಶದ್ದೂ, ಮಜಾರಾದಲ್ಲಿ ಒಂದು ಮನೆ. ಅಲ್ಲವಾದರೆ ಸರ್ಕಾರಿ ಮಕ್ಕಳ ಮನೆ. ಸಾಕುತ್ತಿರುವ ಅಜ್ಜಿಯ ಎರಡು ಮೂತ್ರಪಿಂಡಗಳೂ ಕೆಟ್ಟಿದ್ದವು. ವಾರಕ್ಕೆ ಮೂರು ದಿನ ಅವಳ ರಕ್ತವನ್ನು ಯಂತ್ರದಲ್ಲಿ ತೊಳೆಯುತ್ತಿದ್ದರು.

ಮಗುವಿನ ಪರವಾಗಿ ನ್ಯಾಯಾಲಯ ನೇಮಿಸಿದ ವಕೀಲ ಹಾತಿಮ್. ಅವನ ಪರವಾಗಿ ಕಾಗದ, ದಿನಾಂಕ, ಮನುಷ್ಯರು ಮೂರನ್ನೂ ಪರೀಕ್ಷಿಸುವವಳು ನಾನು, ನೆಜೀಹಾ. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದವಳು. ನನಗೆ ಗಾಸ್ಪರೆ ಬೇಕಿಲ್ಲ, ಬೇಡವೂ ಇಲ್ಲ. ಆ ಹುಡುಗಿ ತಪ್ಪು ಕೈಗೆ ಹೋಗಬಾರದು, ಅಷ್ಟೇ.

ಅವನ ನಾವಿಕ ಪುಸ್ತಕವನ್ನು ಮತ್ತೊಮ್ಮೆ ತಿರುವಿದೆ. 2012ರ ಮೇ 6ರಂದು ಅವನು ಮಹ್ದಿಯಾ ಬಿಟ್ಟಿದ್ದ. ಆಮೇಲೆ ಅಕ್ಟೋಬರ್‌ವರೆಗೆ ಹಡಗಿನಲ್ಲಿ, ಅದೂ ಸಮುದ್ರದಾಚೆ ಲಿಗೂರಿಯಾದ ಕಡೆ. ಮೇ 6ರಿಂದ ಮಾರ್ಚ್ 2ಕ್ಕೆ ಮುನ್ನೂರು ದಿನ. ಗರ್ಭ ನಿಂತ ದಿನದಿಂದ ಹೆರಿಗೆಗೆ ಸರಾಸರಿ ಇನ್ನೂರ ಅರವತ್ತಾರು. ಒಂದು ವಾರ ಆಚೀಚೆ ಆಗಬಹುದು, ಎರಡು ವಾರವೂ ಆಗಬಹುದು. ಮೂವತ್ತನಾಲ್ಕು ದಿನ ಆಗುವುದಿಲ್ಲ.

"ಫೆಬ್ರವರಿಯಲ್ಲಿ ಇಲ್ಲಿಗೆ ಬಂದೆ ಅಂತೀಯಲ್ಲ, ಮುದ್ರೆ ಎಲ್ಲಿ?"

"ಗೆಳೆಯನ ದೋಣಿಯಲ್ಲಿ ಬಂದೆ, ಅದರಲ್ಲೇ ಹೋದೆ. ಯಾರೂ ಮುದ್ರೆ ಒತ್ತಲಿಲ್ಲ."

"ಆ ಗೆಳೆಯ?"

"ಸಮುದ್ರ ತಿಂದುಕೊಳ್ತು. 2015."

"ಹೆರಿಗೆ ಮಾಡಿಸಿದ ಸೂಲಗಿತ್ತಿಯೂ ಇಲ್ಲ. ದಲಂದಾನೂ ಇಲ್ಲ. ನಿನ್ನ ಸಾಕ್ಷಿಗಳೆಲ್ಲ ಸತ್ತವರೇ, ಗಾಸ್ಪರೆ."

"ಸತ್ತವರು ಸುಳ್ಳು ಹೇಳಲ್ಲ ಅಕ್ಕಾ."

"ನಿಜಾನೂ ಹೇಳಲ್ಲ. ಆರು ವರ್ಷ ಎಲ್ಲಿದ್ದೆ ನೀನು?"

ಅವನು ಲೋಟದ ತಳದ ಕಾಫಿ ಗಸಿಯನ್ನು ನೋಡುತ್ತ ಕುಳಿತ. "ಅವಳು ಬರ್ತೀನಿ ಅಂದಿದ್ಲು. ನಾನು ಮದುವೆ ಕಾಗದ ಮಾಡಿಸ್ತೀನಿ ಅಂದಿದ್ದೆ. ಮಾರ್ಚ್ ಮೊದಲ ವಾರದವರೆಗೆ ದಿನಾ ಮಾತಾಡ್ತಿದ್ವಿ. ಆಮೇಲೆ ಒಂದಿನ ಫೋನ್ ಎತ್ತಲಿಲ್ಲ. ನಂಬರೇ ಬದಲಾಯ್ತು. ಬರಬೇಡ ಅಂತ ಒಂದು ಚೀಟಿ ಕಳಿಸಿದ್ಲು."

"ಯಾಕೆ?"

"ಅದು ಗೊತ್ತಿದ್ದಿದ್ರೆ ಬಂದುಬಿಡ್ತಿರಲಿಲ್ವಾ?"

ಇದು ಪ್ರಶ್ನೆಗೆ ಉತ್ತರವಲ್ಲ. ಪುಸ್ತಕದಲ್ಲಿ ಬರೆದುಕೊಂಡೆ: ಮಾರ್ಚ್ ಮೊದಲ ವಾರ. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ನ್ಯಾಯಾಧೀಶೆ ಹಾತಿಮ್‌ಗೆ ಹೇಳಿದ್ದು ಸರಳವಾಗಿತ್ತು. ದಿನಾಂಕವೇ ಕೂಡಿಬರದ ಗಂಡಸನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದರೆ ನಾಳೆ ಬೀದಿಯಲ್ಲಿ ಹೋಗುವವನೂ ಬಂದು ನಿಲ್ಲುತ್ತಾನೆ. ಇವನನ್ನು ನಂಬುವುದಕ್ಕೆ ಒಂದು ಕಾರಣ ತನ್ನಿ, ಆಮೇಲೆ ಪರೀಕ್ಷೆ.

ಎಣ್ಣೆಯ ಹಾಳೆಯನ್ನು ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡೆ. ದಿನಾಂಕವನ್ನು ಯಾರು ಯಾವಾಗ ಬೇಕಾದರೂ ಬರೆಯಬಹುದು. ಆದರೆ ಎಳೆಗೂಸಿನ ಕಾಲು ಬೇಕೆಂದಾಗ ಸಿಗುವುದಿಲ್ಲ. ಹಾಗಾದರೆ ಇವನಿಗೆ ಯಾರ ಕಾಲು ಸಿಕ್ಕಿತು?

*

ಅಜ್ಜಿ ಮಬ್ರೂಕಾಳ ಮನೆ ಹಳೆಯ ಊರಿನಲ್ಲಿ, ಒಂಟೆತ್ತಿನ ಗಾಡಿಯೂ ಹಿಡಿಸದ ಓಣಿಯಲ್ಲಿತ್ತು. ಮಂಗಳವಾರ ಅವಳ ಯಂತ್ರದ ದಿನ. ಹನ್ನೆರಡಕ್ಕೆ ಮೊದಲು ಬರುವುದಿಲ್ಲ. ಅದನ್ನು ತಿಳಿದೇ ನಾನು ಹೋಗಿದ್ದೆ. ನೆರೆಯವರು ಬಾಯಿ ಬಿಡುವುದು ಮನೆಯವರು ಇಲ್ಲದಾಗಲೇ.

ಪಕ್ಕದ ಮನೆಯ ತುರ್ಕಿಯಾ ಅಜ್ಜಿ ಹೊಸಿಲ ಮೇಲೆ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಎಂಬತ್ತರ ಹತ್ತಿರದ ವಿಧವೆ.

"ಕೋರ್ಟಿನವಳಾ ನೀನು?"

"ಮಗುವಿನ ಕಡೆಯವಳು."

"ಮಗುವಿನ ಕಡೆ ಅಂತ ಯಾರೂ ಇರಲ್ಲ ತಾಯಿ. ಎಲ್ಲಾರೂ ದೊಡ್ಡವರ ಕಡೆಯವರೇ. ಕೂತ್ಕೋ, ಮೆಣಸಿನಕಾಯಿ ಮುಟ್ಟಿ ಕಣ್ಣು ಉಜ್ಜಬೇಡ."

2013ರ ಫೆಬ್ರವರಿಯಲ್ಲಿ ಈ ಓಣಿಗೆ ಒಬ್ಬ ಪರದೇಶಿ ಬಂದು ಮೂರು ದಿನ ಇದ್ದದ್ದು ನೆನಪಿದೆಯೇ ಎಂದು ಕೇಳಿದೆ.

"ಆ ತಿಂಗಳು ನನ್ನ ಬಾಗಿಲಿಗೆ ದೇವದೂತ ಜಿಬ್ರೀಲನೇ ಬಂದು ನಿಂತಿದ್ರೂ ನೆನಪಿರಲ್ಲ. ನನ್ನ ಗಂಡ ಹೋಗಿದ್ದ. ನಾಲ್ಕನೇ ತಾರೀಕು." ಅವಳ ಕೈ ತೊಟ್ಟು ಬಿಡಿಸುತ್ತಲೇ ಇತ್ತು. "ಅವನಿಗೆ ಅಂತ ಮಾಡಿದ ಕೊನೇ ಅಸೀದಾ ಪಾಯಸ ಆ ವರ್ಷದ್ದು. ಮೌಲಿದ್ ಹಬ್ಬದ್ದು. ಎರಡು ಚಮಚ ತಿಂದ. ಉಳಿದದ್ದನ್ನು ಓಣಿಗೆಲ್ಲ ಹಂಚಿದೆ."

"ಮಬ್ರೂಕಾ ಮನೆಗೂ?"

"ಏನು ಮಾತು? ಬಾಗಿಲು ಹಾಕಿಕೊಂಡು ಕೂತವರಿಗೆ ಹೊಟ್ಟೆ ಇರಲ್ವಾ? ಆ ಚಳಿಗಾಲವೆಲ್ಲ ಅವಳ ಬಾಗಿಲು ತೆರೆದಿದ್ದನ್ನು ಯಾರೂ ನೋಡಿಲ್ಲ. ದಲಂದಾ ಸ್ಫಾಕ್ಸ್‌ನಲ್ಲಿ ಕೆಲಸಕ್ಕೆ ಹೋಗಿದ್ದಾಳೆ ಅಂತಿದ್ಲು. ನಾನು ಹ್ಞೂಂ ಅಂದೆ. ಬಟ್ಟಲು ಕೊಟ್ಟು ಬಂದೆ."

"ಬಟ್ಟಲು ವಾಪಸ್ ಬಂತಾ?"

ಕೇಳಬೇಕೆಂದು ಕೇಳಿದ್ದಲ್ಲ. ಹಬ್ಬದ ಮಾತು ಬಂದಾಗ ನಮ್ಮ ಬಾಯಿಗೆ ತಾನಾಗಿ ಬರುವ ಪ್ರಶ್ನೆ ಅದು. ಮೌಲಿದ್ ಕಳೆದು ಒಂದು ವಾರ ಊರಿನ ಬಟ್ಟಲುಗಳೆಲ್ಲ ಓಣಿಯಲ್ಲಿ ಓಡಾಡುತ್ತಿರುತ್ತವೆ. ಯಾವುದೂ ಖಾಲಿ ಹಿಂದಿರುಗುವುದಿಲ್ಲ.

ತುರ್ಕಿಯಾಳ ಕೈ ನಿಂತಿತು. ಆಮೇಲೆ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಬರುವಾಗ ಅಂಚು ಮುಕ್ಕಾದ ಒಂದು ನೀಲಿ ಬಟ್ಟಲು ತಂದಳು.

"ಇದು. ಮೂರನೇ ದಿನ ಬಂತು. ತುಂಬಿ ಬಂತು."

"ಏನು ತುಂಬಿ?"

"ಜ್ರೀರ್."

ಎಳ್ಳು ಹುರಿದು ಅರೆದು, ತುಪ್ಪ ಜೇನು ಕಲಸಿದ ಬಾಣಂತಿ ಸಿಹಿ. ಮದುವೆಗೆ ಮಾಡುವುದಿಲ್ಲ, ಸಾವಿಗೆ ಮಾಡುವುದಿಲ್ಲ. ಮಗು ಹುಟ್ಟಿದ ಮನೆಯಲ್ಲಿ ಮಾತ್ರ.

"ಮಬ್ರೂಕಾ ಕೈಗೆ ಬೇರೇನೂ ಸಿಗಲಿಲ್ಲ ಅನ್ಸುತ್ತೆ," ಎಂದಳು ತುರ್ಕಿಯಾ. "ಬಾಗಿಲಿಗೆ ಮೂರು ಚಿಲಕ ಹಾಕಿದ್ಲು, ಕಿಟಕಿಗೆ ಕಂಬಳಿ ಕಟ್ಟಿದ್ಲು. ಆದ್ರೂ ಖಾಲಿ ಬಟ್ಟಲು ಕೊಡೋಕೆ ಕೈ ಬರಲಿಲ್ಲ ಆ ಹೆಂಗಸಿಗೆ. ಅಮ್ಮ ಕಲಿಸಿದ್ದು ಬಿಡುತ್ತಾ?"

"ನೀವು ಯಾರಿಗೂ ಹೇಳಲಿಲ್ಲ."

"ಬಟ್ಟಲು ಹೇಳಿತು. ನಾನು ತೊಳೆದಿಟ್ಟೆ."

"ಈಗ್ಯಾಕೆ ಹೇಳ್ತಿದ್ದೀರಿ?"

"ಮಕ್ಕಳ ಮನೆಯಲ್ಲಿ ಯಾರೂ ಬಟ್ಟಲು ತುಂಬಿಸಿ ಕೊಡಲ್ಲ ಮಗಳೇ."

ಗಂಡನ ಮರಣಪತ್ರ ಕೇಳಿದೆ. ಹಾಸಿಗೆಯ ಕೆಳಗಿನ ತಗಡಿನ ಪೆಟ್ಟಿಗೆಯಿಂದ ತೆಗೆದು ಕೊಟ್ಟಳು. 2013ರ ಫೆಬ್ರವರಿ 4. ಆ ವರ್ಷ ಮೌಲಿದ್ ಬಿದ್ದದ್ದು ಜನವರಿ 24, ಗುರುವಾರ. ಮೂರನೇ ದಿನ ಎಂದರೆ 26, ಶನಿವಾರ.

ಹೊಸಿಲ ಮೇಲೆಯೇ ಲೆಕ್ಕ ಹಾಕಿದೆ. ಮೇ 6ರಿಂದ ಜನವರಿ 26ಕ್ಕೆ ಇನ್ನೂರ ಅರವತ್ತೈದು ದಿನ.

ಇನ್ನೂರ ಅರವತ್ತಾರಕ್ಕೆ ಒಂದು ಕಡಿಮೆ.

ಪೆನ್ನು ಮುಚ್ಚಿದೆ. ಬೆಳಿಗ್ಗೆಯಿಂದ ಮೊದಲ ಸಲ ಆ ಮೆಕ್ಯಾನಿಕ್‌ನ ಮೇಲೆ ನನಗೆ ಕೋಪ ಕಡಿಮೆಯಾಯಿತು. ಮಾರ್ಚ್ ದಿನಾಂಕ ಏಕೆ ಬಂತೆಂದು ಯಾರಿಗೂ ವಿವರಿಸಬೇಕಿಲ್ಲ. ನಮ್ಮೂರಿನ ಅರ್ಧ ಜನರ ಹುಟ್ಟುದಿನ ಹಾಗೆಯೇ ಇದೆ. ಹತ್ತು ದಿನದೊಳಗೆ ಪುರಸಭೆಗೆ ಹೇಳದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಅದರ ಬದಲು ದಿನಾಂಕವನ್ನೇ ಮುಂದಕ್ಕೆ ತಳ್ಳುತ್ತಾರೆ. ನನ್ನ ಸ್ವಂತ ತಮ್ಮ ಕಾಗದದಲ್ಲಿ ಮೂರು ವಾರ ಚಿಕ್ಕವನು. ಅಪ್ಪ ಮೀನಿಗೆ ಹೋಗಿ ತಡವಾಗಿ ಬಂದದ್ದೇ ಕಾರಣ. ಮಬ್ರೂಕಾ ಐದು ವಾರ ತಳ್ಳಿದ್ದಳು. ನಾಚಿಕೆಗೆ ಮೀನಿಗಿಂತ ಹೆಚ್ಚು ಸಮಯ ಬೇಕು.

"ಅಜ್ಜಿ, ಈ ಬಟ್ಟಲು ಒಂದು ಗಂಟೆ ಕೊಡ್ತೀರಾ?"

"ಖಾಲಿ ತಗೊಂಡು ಹೋಗಬೇಡ," ಎಂದು ಅದಕ್ಕೆ ಒಂದು ಹಿಡಿ ಖರ್ಜೂರ ಹಾಕಿ ಕೊಟ್ಟಳು.

*

ಹನ್ನೆರಡೂ ಕಾಲಿಗೆ ಮಬ್ರೂಕಾ ಬಂದಳು. ಸೂಜಿ ಚುಚ್ಚಿದ ಎಡಗೈಯನ್ನು ಶಾಲಿನಲ್ಲಿ ತೂಗುಹಾಕಿಕೊಂಡಿದ್ದಳು. ಬಲಗೈ ಬೇಯಾಳ ಭುಜದ ಮೇಲಿತ್ತು. ಶಾಲೆಯಿಂದ ಅವಳನ್ನು ಕರೆದುಕೊಂಡೇ ಬಂದಿದ್ದಳು.

ಬೇಯಾ ನನ್ನ ಕೈಯ ಬಟ್ಟಲಿಗೆ ಇಣುಕಿ, ಕೇಳದೆ ಒಂದು ಖರ್ಜೂರ ತೆಗೆದುಕೊಂಡಳು.

"ನೀವು ನನ್ನ ಪುಸ್ತಕದವರಾ?"

"ಯಾವ ಪುಸ್ತಕ?"

"ಹಸಿರು ಪುಸ್ತಕ ಇಲ್ಲಿಂದ ಹೋಗೋಕೆ, ಕೆಂಪು ಪುಸ್ತಕ ಅಲ್ಲಿ ಇರೋಕೆ. ಎರಡೂ ಇದ್ರೆ ಯಾರೂ ಯಾಕೆ ಬಂದೆ ಅಂತ ಕೇಳಲ್ಲ. ಗಾಸ್ಪರೆ ಬಾಬಾ ಹೇಳಿದ."

ಬಾಬಾ, ಅಂದರೆ ಅಪ್ಪ, ಎಂಬ ಮಾತಿಗೆ ಮಬ್ರೂಕಾ ಮುಖ ತಿರುಗಿಸಿದಳು. "ಒಳಗೆ ಹೋಗು. ಬೆಕ್ಕಿಗೆ ನೀರಿಡು."

ಹುಡುಗಿ ಹೋದ ಮೇಲೆ ನಾನು ಬಟ್ಟಲನ್ನು ಚಾಪೆಯ ಮೇಲೆ ನಮ್ಮಿಬ್ಬರ ನಡುವೆ ಇಟ್ಟೆ. ಮುಕ್ಕಾದ ಅಂಚು ಅವಳ ಕಡೆಗಿತ್ತು.

ಅವಳು ಅದನ್ನು ಗುರುತಿಸಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಆದರೆ ಸೂಜಿ ಚುಚ್ಚಿದ ತೋಳಿನ ಪಟ್ಟಿಯ ಮೇಲೆ ಬಲಗೈ ಇಟ್ಟು ಒತ್ತಿ ಹಿಡಿದಳು, ರಕ್ತ ಬರುತ್ತಿದೆಯೇನೋ ಎಂಬಂತೆ.

"ತುರ್ಕಿಯಾ ಇಟ್ಟುಕೊಂಡಿದ್ದಾಳಾ ಇದನ್ನ ಇನ್ನೂ."

"ಆ ಜ್ರೀರ್ ಯಾರಿಗೆ ಮಾಡಿದ್ದು ಅಮ್ಮಾ?"

"ಬಾಣಂತಿಗೆ."

"ಜನವರಿಯಲ್ಲಿ?"

"ಜನವರಿಯಲ್ಲಿ."

ನಾನು ಏಳು ಪ್ರಶ್ನೆಗಳನ್ನು ಸಾಲಾಗಿ ಇಟ್ಟುಕೊಂಡು ಬಂದಿದ್ದೆ. ಮೂರನೆಯದು ಕೇಳುವ ಮೊದಲೇ ಬಾಗಿಲು ತೆರೆದುಕೊಂಡಿತ್ತು. ಆರು ವರ್ಷ ಮೂರು ಚಿಲಕ ಹಾಕಿ ಕಾಪಾಡಿದ್ದನ್ನು ಮನುಷ್ಯರು ಇಷ್ಟು ಸುಲಭವಾಗಿ ಕೊಡುವುದಿಲ್ಲ.

"ಹೇಳಿ," ಎಂದೆ.

"ಆ ಕೂಸು ಶನಿವಾರ ಬೆಳಗಿನ ಜಾವ ಹುಟ್ಟಿತು. ಹೆಣ್ಣು. ಅತ್ತಿದ್ದು ಒಂದೇ ಸಲ, ಆಮೇಲೆ ಸುಮ್ಮನೆ ನೋಡ್ತಾ ಮಲಗಿತ್ತು. ಅವನು ಬಂದಿದ್ದೂ ನಿಜ. ಫೆಬ್ರವರಿಯಲ್ಲಿ. ಮೂರು ದಿನ ಎದೆ ಮೇಲಿಂದ ಇಳಿಸಲಿಲ್ಲ. ಎಣ್ಣೆ ಹಚ್ಚಿ ಕಾಲು ಒತ್ತಿಸಿಕೊಂಡ. ಆ ಕಪ್ಪು ಹೋಗೋಕೆ ನಾನು ಎರಡು ದಿನ ಉಜ್ಜಿದೆ."

"ನ್ಯಾಯಾಧೀಶೆ ಅವನನ್ನು ಸುಳ್ಳುಗಾರ ಅಂದಾಗ ನೀವು ಅಲ್ಲೇ ಕೂತಿದ್ರಿ. ಯಾಕೆ ಸುಮ್ಮನಿದ್ರಿ?"

"ಸುಳ್ಳು ಬರೆಸಿದ್ದಕ್ಕೆ ಜೈಲು ಅಂತ ಸೂಲಗಿತ್ತಿ ಹೇಳಿದ್ಲು."

"ಯಂತ್ರದಲ್ಲಿ ಬದುಕಿರೋ ಹೆಂಗಸನ್ನ ಯಾರೂ ಜೈಲಿಗೆ ಹಾಕಲ್ಲ. ನಿಮಗೂ ಅದು ಗೊತ್ತು."

ಅವಳು ಒಂದು ಖರ್ಜೂರ ಎತ್ತಿಕೊಂಡು, ತನ್ನ ಕಾಯಿಲೆಗೆ ತಿನ್ನಬಾರದೆಂದು ನೆನಪಾಗಿ, ಮತ್ತೆ ಬಟ್ಟಲಿಗೆ ಹಾಕಿದಳು.

"ಅವನು ಒಳ್ಳೆಯವನು ಮಗಳೇ. ನಮ್ಮ ಧರ್ಮದವನಲ್ಲ, ನಮ್ಮ ದೇಶದವನಲ್ಲ, ಸ್ನಾನವೂ ಕಡಿಮೆ. ಆದ್ರೆ ಒಳ್ಳೆಯವನು. ನಾನು ಈ ಚಳಿಗಾಲ ದಾಟಲ್ಲ. ಹುಡುಗಿಯನ್ನ ಅವನ ಜೊತೆ ಕಳಿಸಿ."

"ಹಾಗಾದರೆ ಕೋರ್ಟಿನಲ್ಲಿ ಹೇಳ್ತೀರಾ? ಅವನೇ ತಂದೆ ಅಂತ?"

"ಆ ಕೂಸು ಅವನದ್ದೇ. ಖುರಾನ್ ತಂದಿಡು, ಮುಟ್ಟಿ ಹೇಳ್ತೀನಿ."

ಅವಳ ಕಣ್ಣು ನನ್ನ ಕಣ್ಣಿನಲ್ಲಿಯೇ ಇತ್ತು. ಸುಳ್ಳು ಹೇಳುವವರ ಜೊತೆ ನಾನು ಬಹಳ ಕಾಲ ಕಳೆದಿದ್ದೇನೆ. ಇದು ಸುಳ್ಳಾಗಿರಲಿಲ್ಲ.

ಆದರೂ ಬಟ್ಟಲಿನ ನೆನಪನ್ನು ಯಾವ ನ್ಯಾಯಾಲಯವೂ ಕಡತದಲ್ಲಿ ಇಡುವುದಿಲ್ಲ. ಒಂದು ಕಾಗದ ಬೇಕಿತ್ತು.

"ಮಗುವಿನ ಚುಚ್ಚುಮದ್ದಿನ ಪುಸ್ತಕ ಎಲ್ಲಿ?"

"ಕಳೆದುಹೋಯ್ತು."

ಇದು ಬಹಳ ಬೇಗ ಬಂತು.

"ಪರವಾಗಿಲ್ಲ. ಆರೋಗ್ಯ ಕೇಂದ್ರದಲ್ಲಿ ಮೊದಲ ಸಲ ತೂಗಿದ್ದು ಬರೆದಿಟ್ಟಿರ್ತಾರೆ. ಈಗಷ್ಟೇ ಹುಟ್ಟಿದ ಕೂಸು ಅಂತ ಹೇಳಿ ಒಂದೂವರೆ ತಿಂಗಳ ಕೂಸನ್ನ ತಂದಿದ್ರೆ ತೂಕದಲ್ಲೇ ಗೊತ್ತಾಗುತ್ತೆ. ನಿಮ್ಮ ಮಾತಿಗೆ ಅದೇ ಸಾಕ್ಷಿ."

"ಬೇಡ."

"ಏನು ಬೇಡ?"

"ಹಳೇ ಕಾಗದ ಯಾಕಮ್ಮಾ? ನಾನು ಒಪ್ಪಿಕೊಂಡೆನಲ್ಲ. ಒಪ್ಪಿಕೊಂಡವರ ಬಾಗಿಲನ್ನೂ ತಟ್ತಾ ಇರ್ತಾರಾ?" ಅವಳ ದನಿ ಏರಲಿಲ್ಲ. "ಇವತ್ತೇ ನಿನ್ನ ವಕೀಲನಿಗೆ ಹೇಳು. ಕಾಗದಕ್ಕೆ ಅವನ ಹೆಸರು ಹಾಕಿಸಿ. ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಪಾಪ, ಮಗೂಗೆ ಸೂಜಿ ಯಾಕೆ?"

"ಸೂಜಿ ಇಲ್ಲ. ಕೆನ್ನೆ ಒಳಗೆ ಹತ್ತಿ ಸವರ್ತಾರೆ, ಅಷ್ಟೇ."

ಒಳಗೆ ಬೇಯಾ ಬೆಕ್ಕಿಗೆ ಎರಡು ಪಾಸ್‌ಪೋರ್ಟ್ ಪುಸ್ತಕಗಳ ವಿಷಯವನ್ನೇ ವಿವರಿಸುತ್ತಿದ್ದಳು. ಮಬ್ರೂಕಾ ಆ ಕಡೆಗೆ ಕಿವಿ ಕೊಟ್ಟು ಕುಳಿತಳು.

ನಾನು ಎದ್ದೆ. ಬಟ್ಟಲು ತೆಗೆದುಕೊಳ್ಳಲು ಬಗ್ಗಿದಾಗ ಅವಳು ಖರ್ಜೂರಗಳನ್ನು ತನ್ನ ಮಡಿಲಿಗೆ ಸುರಿದುಕೊಂಡಳು. ಗೂಡಿನಿಂದ ನಾಲ್ಕು ಬಾದಾಮಿ ತೆಗೆದು ಬಟ್ಟಲಿಗೆ ಹಾಕಿ ಕೊಟ್ಟಳು.

*

ಒಂದು ಗಂಟೆ ನಲವತ್ತಕ್ಕೆ ಹಾತಿಮ್‌ಗೆ ಫೋನ್ ಮಾಡಿದೆ.

"ಜ್ರೀರ್?" ಎಂದ. "ನೆಜೀಹಾ ಅಕ್ಕಾ, ನಾನು ನ್ಯಾಯಾಧೀಶೆ ಎದುರು ನಿಂತು ಸಿಹಿತಿಂಡಿ ಸಾಕ್ಷಿ ಹೇಳಬೇಕಾ?"

"ಆಕೆ ಎಲ್ಲಿಯವಳು?"

"ನಮ್ಮ ಪಕ್ಕದ ಮೊನಾಸ್ತೀರ್ ಕಡೆಯವಳು."

"ಹಾಗಾದರೆ ಹೇಳು. ಆಕೆಗೂ ಅಮ್ಮ ಇರ್ತಾಳೆ."

ನಾಲ್ಕು ಗಂಟೆ ಐದು ನಿಮಿಷಕ್ಕೆ ಅವನು ತಿರುಗಿ ಫೋನ್ ಮಾಡಿದ. ನ್ಯಾಯಾಧೀಶೆ ಬಟ್ಟಲಿನ ಮಾತು ಕೇಳಿ ಪೆನ್ನು ಎತ್ತಿಕೊಂಡರಂತೆ. ಬುಧವಾರ ಬೆಳಿಗ್ಗೆ ಎಂಟಕ್ಕೆ ಜಿಲ್ಲಾಸ್ಪತ್ರೆಯಲ್ಲಿ ಇಬ್ಬರ ಮಾದರಿ. ಫಲಿತಾಂಶ ನೇರ ನ್ಯಾಯಾಲಯಕ್ಕೆ, ಅದು ಬರುವವರೆಗೆ ತೀರ್ಪು ಮುಂದಕ್ಕೆ. ಫಲಿತಾಂಶ ಏನಿದ್ದರೂ ಅದೇ ಕೊನೆ. ಹಿಂದೆ ತೆಗೆದುಕೊಳ್ಳುವುದಕ್ಕೆ ಇಲ್ಲ ಎಂದು ಆದೇಶದ ಕೆಳಗೆ ತಾವೇ ಕೈಯಲ್ಲಿ ಬರೆದಿದ್ದರು.

"ಗೆದ್ವಿ ಅಕ್ಕಾ," ಎಂದ ಹಾತಿಮ್.

ನಾನು ಫೋನ್ ಇಟ್ಟೆ. ಬಹಳ ಬೇಗ ಬಂದ ಉತ್ತರವೊಂದು ಕಾಲಿಗೆ ಸಿಕ್ಕ ಮರಳಿನಂತೆ ಉಜ್ಜುತ್ತಿತ್ತು.

*

ಬುಧವಾರ ಎಂಟು ಗಂಟೆಗೆ ಬೇಯಾ ಬಾಯಿ ತೆರೆದು ಕುಳಿತಿದ್ದಳು. ಗಾಸ್ಪರೆ ಬಿಳಿ ಅಂಗಿ ತೊಟ್ಟು, ಉಗುರಿನ ಸಂದಿನ ಎಣ್ಣೆಯನ್ನು ರಕ್ತ ಬರುವ ಹಾಗೆ ತಿಕ್ಕಿಕೊಂಡು ಬಂದಿದ್ದ.

"ನಿನ್ನ ಉಗುಳೂ ನನ್ನ ಉಗುಳೂ ಒಂದೇನಾ ಅಂತ ನೋಡ್ತಾರಂತೆ," ಎಂದಳು ಬೇಯಾ.

"ಒಂದೇ ಆಗಿರುತ್ತೆ. ಇಬ್ಬರೂ ಬೆಳಿಗ್ಗೆ ಅದೇ ರೊಟ್ಟಿ ತಿಂದಿದ್ದು."

ಎರಡು ಹತ್ತಿಕಡ್ಡಿಗಳು ಎರಡು ನಳಿಕೆಗಳಿಗೆ ಹೋದವು. ಅರಗಿನ ಮುದ್ರೆ ಬಿತ್ತು. ಎಂಟೂ ನಲವತ್ತಕ್ಕೆ ಪೆಟ್ಟಿಗೆ ಟ್ಯೂನಿಸ್‌ನ ಗಾಡಿ ಹತ್ತಿತು. ಗಾಸ್ಪರೆ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರಿನ ಕಡೆಗೆ ನಡೆದ. ಮಬ್ರೂಕಾ ಬಂದಿರಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿಕಳಿಸಿದ್ದಳು.

ಒಂಬತ್ತೂ ಇಪ್ಪತ್ತೈದಕ್ಕೆ ನಾನು ಹಳೆಯ ಊರಿನ ಆರೋಗ್ಯ ಕೇಂದ್ರದಲ್ಲಿದ್ದೆ. ನರ್ಸ್ ಸಲ್ಹಾ ಹಳೆಯ ಪರಿಚಯ. ಹಾತಿಮ್ ಕೊಟ್ಟ ಪತ್ರವನ್ನು ಕನ್ನಡಕದ ಮೇಲಿನಿಂದ ಓದಿದಳು.

"ಆರು ವರ್ಷದ ಹಿಂದಿನ ತೂಕ ಯಾರಿಗೆ ಬೇಕು ನೆಜೀಹಾ? ನನಗೆ ನನ್ನ ಹೋದ ವಾರದ್ದೇ ಬೇಡ."

"ಹುಡುಕು. 2013, ಮಾರ್ಚ್. ತಾಯಿ ಹೆಸರು ದಲಂದಾ."

ಕಪಾಟಿನ ಮೇಲಿನ ಸಾಲಿನಿಂದ ಸಲ್ಹಾ ಒಂದು ದಪ್ಪ ಪುಸ್ತಕ ಇಳಿಸಿದಳು. ಧೂಳಿಗೆ ಇಬ್ಬರೂ ಸೀನಿದೆವು. ಅವಳು ಪುಟ ತಿರುವುತ್ತಿದ್ದಾಗ ನಾನು ನನ್ನ ಪುಸ್ತಕ ತೆರೆದೆ. ಹುಟ್ಟುವಾಗ ಮೂರು ಕಿಲೋ ಎಂದು ಹಿಡಿದರೂ, ಮೊದಲ ವಾರ ಸ್ವಲ್ಪ ಇಳಿದು, ಆಮೇಲೆ ದಿನಕ್ಕೆ ಇಪ್ಪತ್ತೈದರಿಂದ ಮೂವತ್ತು ಗ್ರಾಂ ಏರುತ್ತದೆ. ಜನವರಿ 26ರ ಮಗು ಮಾರ್ಚ್ ನಡುವಿಗೆ ನಾಲ್ಕು ಕಿಲೋ ದಾಟಿರಲೇಬೇಕು. ಆ ಒಂದು ಸಂಖ್ಯೆ ಸಿಕ್ಕರೆ ಮಬ್ರೂಕಾಳ ಮಾತು ಕಾಗದವಾಗುತ್ತದೆ.

"ಇಲ್ಲಿದೆ," ಎಂದಳು ಸಲ್ಹಾ. "ಮಾರ್ಚ್ 12, ಮಂಗಳವಾರ. ಬೇಯಾ, ದಲಂದಾಳ ಮಗಳು. ವಯಸ್ಸು ಹತ್ತು ದಿನ. ಅಜ್ಜಿ ತಂದಿದ್ದಾರೆ. ನನ್ನದೇ ಅಕ್ಷರ."

"ಹತ್ತು ದಿನ ಅಂತ ನೀನು ಬರೆದಿದ್ದು ಅವರು ಹೇಳಿದ್ದನ್ನ ಕೇಳಿ."

"ಕೇಳಿಯೂ ಬರೆದೆ, ನೋಡಿಯೂ ಬರೆದೆ. ಮೂವತ್ತು ವರ್ಷದಿಂದ ಇಲ್ಲಿ ಕೂಸುಗಳನ್ನೇ ನೋಡ್ತಿದ್ದೀನಮ್ಮಾ. ಒಂದೂವರೆ ತಿಂಗಳ ಮಗೂನ ಹತ್ತು ದಿನದ್ದು ಅಂದ್ರೆ ನಂಬೋಕೆ ನಾನೇನು ಪುರಸಭೆ ಗುಮಾಸ್ತಳಾ?" ಅವಳು ಸಾಲಿನ ಮೇಲೆ ಬೆರಳಿಟ್ಟಳು. "ನೋಡು, ಷರಾ ಕೂಡ ಇದೆ. ಹೊಕ್ಕುಳ ಬಳ್ಳಿ ಇನ್ನೂ ಬಿದ್ದಿಲ್ಲ. ಎರಡು ದಿನ ಬಿಟ್ಟು ತೋರಿಸಲು ಹೇಳಿದೆ."

ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿಕೊಂಡೆ.

ಹೊಕ್ಕುಳ ಬಳ್ಳಿ ಒಂದು ವಾರಕ್ಕೆ ಬೀಳುತ್ತದೆ, ಎರಡು ವಾರಕ್ಕೆ ಬೀಳುತ್ತದೆ. ನಲವತ್ತೈದು ದಿನ ಅಂಟಿಕೊಂಡಿರುವುದಿಲ್ಲ.

ಆ ಕೂಸು, ಎಂದಿದ್ದಳು ಮಬ್ರೂಕಾ. ಒಂದು ಸಲವೂ ಬೇಯಾ ಎಂದಿರಲಿಲ್ಲ. ಖುರಾನ್ ಮುಟ್ಟಿ ಹೇಳುತ್ತೇನೆ ಎಂದದ್ದು ಆ ಕೂಸಿನ ವಿಷಯ. ಮಾರ್ಚ್ ಮೊದಲ ವಾರ ದಲಂದಾ ಫೋನ್ ಎತ್ತುವುದನ್ನು ನಿಲ್ಲಿಸಿದ್ದಳು. ದಿನಾಂಕವನ್ನು ಯಾರೂ ತಳ್ಳಿರಲಿಲ್ಲ. ತಳ್ಳಿದ್ದಾರೆಂದು ನಾನು ಅಂದುಕೊಂಡಿದ್ದೆ, ನಮ್ಮೂರಿನಲ್ಲಿ ಎಲ್ಲರೂ ತಳ್ಳುತ್ತಾರೆ ಎಂಬ ಕಾರಣಕ್ಕೆ.

ಚೀಲದಲ್ಲಿ ಎಣ್ಣೆಯ ಹಾಳೆ ಇತ್ತು. ಜನವರಿಯಲ್ಲಿ ಹುಟ್ಟಿ, ಫೆಬ್ರವರಿಯಲ್ಲಿ ತಂದೆಯ ಎದೆಯ ಮೇಲೆ ಮೂರು ದಿನ ಮಲಗಿದ್ದ ಮಗುವಿನ ಕಾಲು. ಅದು ಈಗ 'ಬಾಬಾ' ಎನ್ನುತ್ತ ಬಂದರಿನಲ್ಲಿ ಅವನ ಹೆಗಲ ಮೇಲೆ ಕುಳಿತಿರುವ ಮಗುವಿನದ್ದಲ್ಲದಿದ್ದರೆ, ಆ ಮಗು ಎಲ್ಲಿ? ಹೆಗಲ ಮೇಲಿನ ಮಗು ಯಾರದ್ದು? ಮುದ್ರೆ ಒತ್ತಿದ ಪೆಟ್ಟಿಗೆ ಈ ಹೊತ್ತಿಗೆ ದಾರಿಯ ಸೂಸ್ ಊರು ದಾಟಿರಬೇಕು. ಅದನ್ನು ಕಳಿಸಿದವಳು ನಾನೇ.

"ತೂಕ ಓದು ಸಲ್ಹಾ," ಎಂದೆ. "ನನಗೆ ಅಂಕೆ ಸರಿಯಾಗಿ ಕಾಣ್ತಿಲ್ಲ."

ಕಾಣುತ್ತಿತ್ತು. ಸಲ್ಹಾ ಕನ್ನಡಕ ಸರಿಮಾಡಿಕೊಂಡು ಓದಿದಳು.

"ಎರಡು ಸಾವಿರದ ಒಂಬೈನೂರ ಐವತ್ತು ಗ್ರಾಂ."